ಕೈ ಆದರೆ ಇಟ್ಟುಕೊಳ್ಳಿ, ಬಾಯಮ್ಮ

ಹೋದ ತಿಂಗಳು ಒಂದು ಮಧ್ಯಾಹ್ನ ಜೆಪ್ಪುವಿನ ನಮ್ಮ ಮನೆಯ ಗೇಟು ಸದ್ದಾಯಿತು. ಮೀನಿನವಳು ಬಂದಳೆಂದು ಪಾತ್ರೆ ಹಿಡಿದುಕೊಂಡೇ ಹೊರಗೆ ಹೋದೆ. ಅಲ್ಲಿ ನಿಂತದ್ದು ಶಾಹಿದಾ, ಉಳ್ಳಾಲದ ಐಸಮ್ಮನ ಮಗಳು. ಅವಳ ಮದುವೆಗೆ ಫೋಟೊ ತೆಗೆದವಳು ನಾನೇ. ಮದುವೆಯಾದ ಮೇಲೆ ಗಂಡನ ಜೊತೆ ಗಲ್ಫಿನ ದಮ್ಮಾಮಿಗೆ ಹೋಗಿದ್ದಳು. ಐಸಮ್ಮ ತೀರಿಕೊಂಡ ಸುದ್ದಿ ಅವಳು ಹೀಗೆ ಬರುವ ಸ್ವಲ್ಪ ದಿನ ಮೊದಲು ನನ್ನ ಕಿವಿಗೂ ಬಿದ್ದಿತ್ತು. ನಾನು ಗೇಟು ತೆರೆಯುವ ಮೊದಲೇ ಅವಳು ಗೇಟಿನ ಸರಳು ಹಿಡಿದುಕೊಂಡು ಹೇಳಿದಳು:

"ಆಂಟಿ, ನೀವು ಉಮ್ಮನಿಗೆ ಸುಳ್ಳು ಹೇಳಿದ್ದು ಅಂತ ಹೇಳಿ. ಒಂದು ಕಾಪಿ ನಿಮ್ಮ ಹತ್ತಿರ ಉಂಟು ಅಂತ ಹೇಳಿ, ಸಾಕು."

ಉಮ್ಮ ಎಂದರೆ ಅವರ ಮನೆಮಾತಿನಲ್ಲಿ ಅಮ್ಮ. ನನ್ನ ಹತ್ತಿರ ಕಾಪಿ ಇರಲಿಲ್ಲ. ಐಸಮ್ಮ ಬದುಕಿನಲ್ಲಿ ಮನಸ್ಸಿಟ್ಟು ತೆಗೆಸಿಕೊಂಡದ್ದು ಒಂದೇ ಒಂದು ಫೋಟೊ. ಅದನ್ನು ತೆಗೆದವಳು ನಾನು, ತೆಗೆದ ಕೂಡಲೇ ಅವರ ಕೈಗೆ ಒಪ್ಪಿಸಿ ಬಂದವಳೂ ನಾನು. ಕಾಪಿ ಯಾಕೆ ಇರಲಿಲ್ಲ ಎಂಬುದು ಈ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುತ್ತದೆ. ಈಗ ಮದುವೆ ಫೋಟೊ ತೆಗೆಯಲು ಹೊರಟ ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದು ಮೊದಲು ಕೇಳುವುದು, "ಆಂಟಿ, ನೀವು ಯಾವ ಲೆನ್ಸ್ ಹಾಕ್ತಿದ್ರಿ?" ಎಂದು. ಲೆನ್ಸು ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳೇ. ಅಂಗಡಿಯಲ್ಲಿ ಸಿಗದ್ದನ್ನು ಸ್ವಲ್ಪ ಹೇಳುತ್ತೇನೆ, ಕೂತು ಕೇಳಿ. ಶಾಹಿದಾಳನ್ನು ಗೇಟಿನಲ್ಲೇ ನಿಲ್ಲಿಸಿದೆನೆಂದು ಬೈಯಬೇಡಿ, ಅವಳ ಹತ್ತಿರ ಮತ್ತೆ ಬರುತ್ತೇನೆ.

ನನಗೆ ಕೆಲಸ ಕಲಿಸಿದವರು ಮಾರ್ಸೆಲ್ ಅಂಕಲ್. ಹಂಪನಕಟ್ಟೆಯಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ ಅವರ ಸ್ಟುಡಿಯೊ. ನಾನು ಅಲ್ಲಿಗೆ ಸೇರಿದ್ದು ಬಿಲ್ಲು ಬರೆಯಲಿಕ್ಕೆ, ಪಾಸ್‌ಪೋರ್ಟ್ ಫೋಟೊಗಳನ್ನು ಕತ್ತರಿಸಲಿಕ್ಕೆ. ಗಲ್ಫಿಗೆ ಹೊರಟವರ ಮುಖಗಳನ್ನು ಕತ್ತರಿಸಿ ಕತ್ತರಿಸಿ ಬೆರಳಿಗೆ ಗಂಟು ಬಿದ್ದಿತ್ತು. ಒಂದು ದಿನ ಅವರು ಡಾರ್ಕ್ ರೂಮಿನ ಬಾಗಿಲು ಅರ್ಧ ತೆರೆದು, "ಬಾಯೆ, ಬೇಗ ಒಳಗೆ ಬಾ, ಬಾಗಿಲು ಹಾಕು" ಎಂದರು. ನಮ್ಮ ಕೊಂಕಣಿಯಲ್ಲಿ ಹುಡುಗಿಯರನ್ನು ಬಾಯೆ ಎಂದೇ ಕರೆಯುವುದು.

ಒಳಗೆ ಕೆಂಪು ಬಲ್ಬು, ಹುಳಿ ಹುಳಿ ವಾಸನೆ. ನೀರಿನಂಥದ್ದೇನೋ ಇದ್ದ ಟ್ರೇಗೆ ಅವರು ಒಂದು ಬಿಳೀ ಕಾಗದ ಇಳಿಸಿ ಟ್ರೇಯನ್ನು ಮೆಲ್ಲಗೆ ಅಲುಗಾಡಿಸಿದರು. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಎರಡು ಹುಬ್ಬು ಬಂದವು, ಮೂಗಿನ ಬದಿಯ ನೆರಳು ಬಂತು, ನೋಡನೋಡುತ್ತಿದ್ದಂತೆ ಒಬ್ಬಳು ಮುದುಕಿ ನೀರಿನ ಅಡಿಯಿಂದ ನನ್ನನ್ನೇ ನೋಡತೊಡಗಿದಳು. ಅಬ್ಬಾ ದೇವರೇ! ನಾನು ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿಸಿ ನಿಂತೆ.

"ಹೆದರಿಕೆ ಆಯ್ತಾ?" ಎಂದು ನಕ್ಕರು.

"ಇಲ್ಲ ಅಂಕಲ್. ಇನ್ನೊಂದು ಮಾಡಿ."

ಆ ಬೆರಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈಗ ಡಾರ್ಕ್ ರೂಮಿಲ್ಲ, ಕ್ಯಾಮೆರಾದ ಬೆನ್ನಿನಲ್ಲೇ ಚಿತ್ರ ಬಂದುಬಿಡುತ್ತದೆ. ಆದರೂ ಪ್ರತಿಸಲ ಒಂದು ಮುಖ ಅಲ್ಲಿ ಮೂಡುವಾಗ ನನಗೆ ಒಳಗೊಳಗೇ ಅದೇ ಗೋಡೆ ಬೆನ್ನಿಗೆ ತಾಗುತ್ತದೆ. ನಿಮಗೆ ಹಾಗೆ ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ, ನಾನಂತೂ ಬಾಯಿಬಿಟ್ಟೇ ಹೇಳುವವಳು.

ಮದುವೆ ಕೆಲಸಕ್ಕೆ ಅಂಕಲ್ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಒಂದು ರೋಸಿಗೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಮದುವೆಯ ಹಿಂದಿನ ದಿನ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಹಿರಿಯರು ಮೆಲ್ಲಗೆ ಹಣೆಗೆ ಹಚ್ಚಿ ಆಶೀರ್ವಾದ ಮಾಡಿ ಸರಿಯುತ್ತಾರೆ. ಆಮೇಲೆ ಬರುವ ಸೋದರಮಾವಂದಿರು, ದೊಡ್ಡಪ್ಪನ ಮಕ್ಕಳು ಕೊಡಪಾನದಲ್ಲೇ ಹೊಯ್ಯುತ್ತಾರೆ. ಫೋಟೊದವರಿಗೂ ಅದರಲ್ಲಿ ಪಾಲು ಇದ್ದೇ ಇರುತ್ತದೆ. ಲೆನ್ಸಿಗೆ ತೆಂಗಿನ ಹಾಲು ಬಿದ್ದರೆ ಒರೆಸಿದಷ್ಟೂ ಜಿಡ್ಡು. ಅಂಕಲ್ ತಮ್ಮ ಒಳ್ಳೆಯ ಕ್ಯಾಮೆರಾವನ್ನು ಎದೆಗೆ ಅಪ್ಪಿಕೊಂಡು ದೂರ ನಿಂತು, ಹಳೆಯದೊಂದನ್ನು ನನ್ನ ಕೊರಳಿಗೆ ಹಾಕಿ ಗುಂಪಿನೊಳಗೆ ತಳ್ಳಿದರು.

ನಾನು ಕುಳ್ಳಿ. ನನ್ನ ಮುಂದೆ ಗೋಡೆಯಂತೆ ನಿಂತ ಮಾವಂದಿರ ಬೆನ್ನು. ಹಿಮ್ಮಡಿ ಎತ್ತಿದರೂ ಮದುಮಗಳ ಮೂಗಿನ ತುದಿ ಕಾಣುವುದಿಲ್ಲ. ಅಳು ಬರುವ ಹಾಗಾಗಿ ಹಿಂದೆ ನೋಡಿದೆ. ಅಂಕಲ್ ದೂರದಿಂದಲೇ ಕೂಗಿದರು:

"ಮುಖ ಸಿಗದಿದ್ರೆ ಸಿಕ್ಕಿದ್ದನ್ನು ತೆಗಿ ಮಾರಾಯ್ತಿ! ರೋಲು ಖಾಲಿ ತರಬೇಡ!"

ನನ್ನ ಎತ್ತರಕ್ಕೆ ಸಿಕ್ಕಿದ್ದು ಕೈಗಳು. ಸೊಂಟದ ಎಡೆಯಿಂದ, ಮೊಣಕೈಯ ಕೆಳಗಿನಿಂದ ಕೈಗಳನ್ನೇ ತೆಗೆದೆ. ಪ್ರಿಂಟು ಹಾಕಿದಾಗ ಅಂಕಲ್ ತಲೆಗೆ ಕೈ ಹೊತ್ತರು. ಆದರೆ ಆ ಮನೆಯವರು ಬಂದು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ ಕೂತರು ನೋಡಿ, ಆಮೇಲೆ ನಡೆದದ್ದು ನನಗೆ ಇವತ್ತಿಗೂ ಆಶ್ಚರ್ಯ. ಮುಖದ ಫೋಟೊಗಳನ್ನೆಲ್ಲ ಸರಸರನೆ ದಾಟಿಸಿದರು. ಕೈಗಳ ಹತ್ತಿರ ನಿಂತರು. "ಇದು ಲಿಲ್ಲಿ ಆಂಟಿದು, ಬಳೆ ನೋಡು." "ಅಲ್ಲ ಮಾರಾಯ, ಲಿಲ್ಲಿ ಆಂಟಿ ಹೀಗೆ ಬೆರಳು ಬಿಡಿಸುವುದಿಲ್ಲ, ಇದು ಅಪ್ಪ." ಒಂದೊಂದು ಕೈಗೂ ಒಡೆಯರನ್ನು ಹುಡುಕಿ, ನಕ್ಕು, ಒಬ್ಬರಂತೂ ಕಣ್ಣು ಒರೆಸಿಕೊಂಡು, ಅಷ್ಟನ್ನೂ ಆಲ್ಬಮ್ಮಿಗೆ ಹಾಕಲು ಹೇಳಿ ಹೋದರು. ಅಂಕಲ್ ನನ್ನ ಕಡೆ ನೋಡದೆಯೇ, "ನಾಳೆಯೂ ಬಾ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಹಾಗೆ ಶುರುವಾದದ್ದು ನನ್ನ ತಿರುಗಾಟ. ಮೊದಲು ಸಿಟಿ ಬಸ್ಸಿನಲ್ಲಿ. ಟ್ರೈಪಾಡ್ ತಾಗಿದವರೆಲ್ಲ ಬೈಯುವವರೇ. "ಎಂತ ಬಾಯಮ್ಮ, ಕೋವಿಯಾ ಅದು?" ಎಂದು ಒಬ್ಬ ಕಂಡಕ್ಟರ್ ದಿನವೂ ಕೇಳುತ್ತಿದ್ದ. ಬಾಯಮ್ಮ ಎಂದರೆ ನಮ್ಮ ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಬೇರೆಯವರು ಕರೆಯುವ ಮರ್ಯಾದೆಯ ಹೆಸರು. ಆಮೇಲೆ ಸ್ಕೂಟರ್ ಬಂತು, ಸ್ವಂತ ಕ್ಯಾಮೆರಾ ಬಂತು. ಮದುವೆಯ ಸೀಸನ್ನಿನಲ್ಲಿ ಒಂದೇ ದಿನ ಬೆಳಿಗ್ಗೆ ವಾಮಂಜೂರಿನಲ್ಲಿ ಧಾರೆ, ಮಧ್ಯಾಹ್ನ ಮೇಲೆ ಬೆಂದೂರಿನ ಇಗರ್ಜಿಯಲ್ಲಿ ಮದುವೆ, ಸಂಜೆಗೆ ಹೊಳೆಯ ಸೇತುವೆ ದಾಟಿ ಉಳ್ಳಾಲ. ಒಂದು ಕಡೆ ಪಾಯಸ, ಒಂದು ಕಡೆ ಕೇಕು, ಒಂದು ಕಡೆ ಬಿರಿಯಾನಿ. ಹೊಟ್ಟೆಯನ್ನು ದೇವರೇ ಕಾಪಾಡಿದ್ದು. ಮಳೆಗಾಲದಲ್ಲಿ ಮದುವೆ ಕಡಿಮೆ, ಆದರೆ ಲೆನ್ಸಿಗೆ ಬೂಷ್ಟು ಹಿಡಿಯುವ ಚಿಂತೆ. ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿ ಲೆನ್ಸುಗಳನ್ನು ಬೆಚ್ಚಗೆ ಇಡುತ್ತಿದ್ದೆ. "ಮೊಟ್ಟೆ ಮರಿ ಮಾಡ್ಲಿಕ್ಕೆ ಇಟ್ಟಿದ್ದೀಯಾ?" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಮೂರು ಕಡೆಯೂ ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಒಂದು ವಿಷಯ ಮಾತ್ರ ಎಲ್ಲ ಕಡೆ ಒಂದೇ ಎಂದು ನನಗೆ ಬೇಗ ಗೊತ್ತಾಯಿತು. ಮದುಮಗಳ ತಾಯಿ ಊಟ ಮಾಡಿರುವುದಿಲ್ಲ. ಎಲ್ಲರಿಗೂ ಬಡಿಸಿಯಾಯಿತಾ ಎಂದು ನೋಡುತ್ತಾ, ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು, ಹಾಲಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ಇರುತ್ತಾರೆ. ನಾನು ಯಾವ ಮದುವೆಗೆ ಹೋದರೂ ಅವರನ್ನು ಹುಡುಕಿ, "ಅಮ್ಮ, ನೀವು ಊಟ ಮಾಡಿದ್ರಾ?" ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ. ಹಾಗೆ ಕೇಳಿದ ಮರುಕ್ಷಣ ಆ ಮುಖದಲ್ಲಿ ಬರುವುದನ್ನು ಯಾವ ಲೈಟೂ ತರಲಾರದು.

ವಾಮಂಜೂರಿನ ಒಂದು ಧಾರೆಯ ಕಥೆ ಹೇಳಲೇಬೇಕು. ಏಪ್ರಿಲ್ ತಿಂಗಳು, ಬೆವರು ಹರಿಯುವ ಸೆಕೆ. ಮದುಮಗಳು ಸಿಂಗಾರ ಮಾಡಿಕೊಳ್ಳುತ್ತಿದ್ದ ಕೋಣೆಯಲ್ಲಿ ಎ.ಸಿ. ಇತ್ತು. ಅಲ್ಲಿ ಬಹಳ ಹೊತ್ತು ಕೆಲಸ ಮಾಡಿ, ಅವಳ ಹಿಂದೆಯೇ ಮಂಟಪಕ್ಕೆ ಓಡಿದೆ. ಹುಡುಗಿಯ ಕೈ ಹುಡುಗನ ಕೈಯ ಮೇಲಿಟ್ಟು, ತಂದೆ ತಾಯಿ ಗಿಂಡಿಯಿಂದ ನೀರು ಎರೆಯುವ ಹೊತ್ತು. ಇಡೀ ಮದುವೆ ನಿಂತಿರುವುದು ಆ ಒಂದು ಎಳೆ ನೀರಿನ ಮೇಲೆ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಬರೀ ಬಿಳಿ! ತಣ್ಣಗಿದ್ದ ಲೆನ್ಸಿಗೆ ಹೊರಗಿನ ಸೆಕೆ ತಾಗಿ ಇಬ್ಬನಿ ಹಿಡಿದಿತ್ತು. ಒರೆಸಿದೆ, ಮತ್ತೆ ಬಂತು. ಸೀರೆಯ ಸೆರಗಿನಲ್ಲಿ ಒರೆಸಿದೆ, ಮತ್ತೆ ಬಂತು.

ಮಂತ್ರ ಹೇಳುತ್ತಿದ್ದ ಭಟ್ಟರು ವಯಸ್ಸಾದವರು, ಬಹಳ ಕಟ್ಟುನಿಟ್ಟಿನವರು. ಫೋಟೊದವರು ಅಡ್ಡ ಬಂದರೆ ಕಣ್ಣಲ್ಲೇ ಸುಡುವವರು. ಅವರು ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ನೋಡಿ, ಮದುಮಗಳ ತಂದೆ ಗಿಂಡಿ ಬಗ್ಗಿಸುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ತಡೆಯಿರಿ. ಗಳಿಗೆ ಇನ್ನೂ ಉಂಟು. ಬಾಯಮ್ಮನ ಕಣ್ಣು ಮೊದಲು ಸರಿಯಾಗ್ಲಿ."

ಆಮೇಲೆ ಮಂತ್ರವನ್ನು ರಾಗವಾಗಿ, ನಿಧಾನವಾಗಿ ಹೇಳತೊಡಗಿದರು. ಇಡೀ ಚಪ್ಪರ ನನ್ನ ಲೆನ್ಸಿನ ಇಬ್ಬನಿ ಆರುವುದನ್ನು ಕಾಯುತ್ತಿತ್ತು. ಆರಿತು. ನಾನು ತಲೆ ಆಡಿಸಿದೆ, ಅವರು ಕೈ ತೆಗೆದರು, ನೀರು ಬಿತ್ತು. ಆ ಫೋಟೊದಲ್ಲಿ ನೀರಿನ ಎಳೆ ಬೆಳ್ಳಿಯ ತಂತಿಯಂತೆ ಬಂದಿತ್ತು. ಅದಾದ ಮೇಲೆ ಎಲ್ಲಿ ಸಿಕ್ಕಿದರೂ ಭಟ್ಟರು ಮಂಟಪದಿಂದಲೇ ಕೇಳುವುದು: "ಎಂತ ಬಾಯಮ್ಮ, ಇವತ್ತು ಇಬ್ಬನಿ ಉಂಟಾ?" ಮಕ್ಕಳೇ, ಎ.ಸಿ. ಕೋಣೆಯಿಂದ ಹೊರಗೆ ಬರುವ ಮೊದಲು ಚೀಲದ ಬಾಯಿ ತೆರೆದಿಡಿ. ಕ್ಯಾಮೆರಾವೂ ನಮ್ಮ ಊರಿನ ಸೆಕೆಗೆ ಒಗ್ಗಿಕೊಳ್ಳಬೇಕು.

ಈಗ ಉಳ್ಳಾಲಕ್ಕೆ ಬರುತ್ತೇನೆ. ಆ ಕಾಲಕ್ಕೆ ಊರಿನಲ್ಲಿ ಫೋಟೊ ತೆಗೆಯುವ ಹೆಂಗಸರು ಹುಡುಕಿದರೂ ಸಿಗುತ್ತಿರಲಿಲ್ಲ. ಬಂದರು ಪೇಟೆ, ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಕ್ಯಾಮೆರಾ ತರುವುದು ಬೇಡ ಎನ್ನುವವರು ಬಹಳ ಜನ ಇದ್ದರು. ಎಲ್ಲ ಮನೆಯಲ್ಲೂ ಹಾಗೆ ಅಂತಲ್ಲ. ಕೆಲವರು ಡ್ರೋನೂ ಹಾರಿಸುತ್ತಿದ್ದರು. ಬೇಡ ಎನ್ನುವವರು ಒಬ್ಬರಿಂದ ಒಬ್ಬರಿಗೆ ಹೇಳಿ ನನ್ನನ್ನು ಕರೆಯತೊಡಗಿದರು. ಅಲ್ಲಿ ಒಂದು ಕ್ರಮ ಇತ್ತು. ಕೆಲಸ ಮುಗಿದ ಮೇಲೆ ಮೆಮೊರಿ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡುವುದು, ಖಾಲಿ ಕ್ಯಾಮೆರಾ ಹಿಡಿದುಕೊಂಡು ವಾಪಸು ಬರುವುದು. ಕಾಪಿ ಇಲ್ಲ, ಬ್ಯಾಕಪ್ ಇಲ್ಲ. ಅದನ್ನು ಹೇಳಿದರೆ ಈಗಿನ ಮಕ್ಕಳು ಎದೆ ಹಿಡಿದುಕೊಳ್ಳುತ್ತಾರೆ. ಅವರ ಮುಖ ಅವರದ್ದು. ನಾನು ಒಪ್ಪಿಕೊಂಡು ಹೋಗುತ್ತಿದ್ದೆ.

ಐಸಮ್ಮ ಆ ಕ್ರಮದಲ್ಲೂ ಎಲ್ಲರಿಗಿಂತ ಒಂದು ಕೈ ಮೇಲು. ಮದುವೆಗೆ ಮೊದಲು ನನ್ನನ್ನು ಮನೆಗೆ ಕರೆಸಿ, ಶರಬತ್ತು ಕೊಟ್ಟು, ಪೊಲೀಸರಂತೆ ವಿಚಾರಣೆ ಮಾಡಿದರು.

"ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಉಂಟಾ?"

"ಉಂಟು."

"ಅದನ್ನು ಯಾರು ಮುಟ್ಟುವುದು?"

"ನಾನೇ."

"ಅದು ಹಾಳಾದ್ರೆ ರಿಪೇರಿಗೆ ಕೊಡುವುದಿಲ್ವಾ? ಆಗ ಅಂಗಡಿಯವ ಮುಟ್ಟುವುದಿಲ್ವಾ? ನೋಡಿ ಬಾಯಮ್ಮ, ನಿಮ್ಮ ಚೀಲದಲ್ಲಿ ನಮ್ಮ ಮನೆಯ ಒಂದು ಮುಖವೂ ಸೇತುವೆ ದಾಟಬಾರದು. ಆಯ್ತಾ?"

"ಆಯ್ತು ಐಸಮ್ಮ."

ಮದುವೆಯ ಹಿಂದಿನ ದಿನ ಮದರಂಗಿ. ಮದರಂಗಿ ಹಾಕಲು ಬಂದ ಹುಡುಗಿ ನನ್ನ ಹತ್ತಿರ, ಚಿತ್ತಾರದ ಫೋಟೊ ಬೇಕಿತ್ತು ಅಕ್ಕ, ಬೇರೆಯವರಿಗೆ ತೋರಿಸ್ಲಿಕ್ಕೆ, ಎಂದು ಬೇಡಿಕೊಂಡಳು. ನಾನು ಐಸಮ್ಮನನ್ನು ಕೇಳಿದೆ. ಅವರು ಮಗಳ ಅಂಗೈ ಹಿಡಿದು ತಿರುಗಿಸಿ ನೋಡಿ, ನಕ್ಕರು.

"ಕೈ ಆದರೆ ಇಟ್ಟುಕೊಳ್ಳಿ, ಬಾಯಮ್ಮ. ಕೈಯಲ್ಲಿ ಎಂತ ಉಂಟು?"

ಹಾಗಾಗಿ ಆ ದಿನದ್ದಕ್ಕೆ ಬೇರೆಯೇ ಒಂದು ಹಳೆಯ ಕಾರ್ಡು ಹಾಕಿ ಬರೀ ಕೈಗಳನ್ನು ತೆಗೆದೆ. ಅದೊಂದು ನನ್ನ ಜೊತೆ ಸೇತುವೆ ದಾಟಿತು.

ಮದುವೆಯ ದಿನ ಒಳಗೆ ಹೋಗುವಾಗ ಬಾಗಿಲಲ್ಲೇ ಐಸಮ್ಮ. ಬಂದ ಹೆಂಗಸರ ಫೋನುಗಳನ್ನೆಲ್ಲ ಇಸಿದುಕೊಳ್ಳುತ್ತಿದ್ದರು. ಇಡಲು ಬೇರೆ ಜಾಗ ಸಿಗದೆ ಒಳಕೋಣೆಯ ತೊಟ್ಟಿಲಿನಲ್ಲಿ ಹಾಕಿ, ಒಬ್ಬರು ಅಜ್ಜಿಯನ್ನು ಕಾವಲಿಗೆ ಕೂರಿಸಿದ್ದರು. ಯಾವುದಾದರೂ ಫೋನು ರಿಂಗಾದರೆ ಆ ಅಜ್ಜಿ ಅಭ್ಯಾಸಬಲದಿಂದ ತೊಟ್ಟಿಲು ತೂಗುತ್ತಿದ್ದರು. ನಾನು ನಕ್ಕು ನಕ್ಕು ಕ್ಯಾಮೆರಾ ಅಲುಗಾಡಿತು. ಎಷ್ಟು ಮದುವೆ ನೋಡಿದ್ದೇನೆ, ಅಷ್ಟು ಸಡಗರದ ಮದುವೆ ನೋಡಿಲ್ಲ. ಕೈಯಲ್ಲಿ ಫೋನಿಲ್ಲದ್ದಕ್ಕೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡಿದರು, ಕೈ ತಟ್ಟಿದರು. ಐಸಮ್ಮ ಮಾತ್ರ ಕ್ಯಾಮೆರಾ ತಿರುಗಿದ ಕಡೆಯಿಂದ ಮೀನಿನಂತೆ ಜಾರುತ್ತಿದ್ದರು. ಊಟ ಮಾಡಿದ್ರಾ ಎಂದು ಕೇಳಿದೆ. "ನನ್ನದು ಬಿಡಿ ಮಾರಾಯ್ತಿ, ನೀವು ಕೂತುಕೊಳ್ಳಿ" ಎಂದು ನನ್ನನ್ನೇ ಎಳೆದುಕೊಂಡು ಹೋದರು.

ಸಂಜೆ ಮದುಮಗಳು ಗಂಡನ ಮನೆಗೆ ಹೊರಟಳು. ನಾನು ಚೀಲ ಕಟ್ಟುತ್ತಿದ್ದೆ. ಐಸಮ್ಮ ಬಂದು ಕೋಣೆಯ ಬಾಗಿಲು ಹಾಕಿ ಮಂಚದ ಅಂಚಿನಲ್ಲಿ ಕೂತರು. ಅಂದು ಅವರು ತೊಟ್ಟದ್ದು ಹಸಿರು ರೇಷ್ಮೆಯ ಕುಪ್ಪಾಯ, ಅಂದರೆ ಬ್ಯಾರಿ ಹೆಂಗಸರ ಉದ್ದ ತೋಳಿನ ಮೇಲಂಗಿ.

"ಒಂದು ತೆಗೀರಿ. ನನ್ನದು. ಒಂದೇ."

ನಾನು ಚೀಲದಿಂದ ಕ್ಯಾಮೆರಾ ಮತ್ತೆ ಹೊರಗೆ ತೆಗೆದೆ.

"ನನ್ನ ಉಮ್ಮನ ಮುಖ ನನಗೆ ಮರೆತು ಹೋಗಿದೆ, ಬಾಯಮ್ಮ. ಕಣ್ಣು ಮುಚ್ಚಿದ್ರೆ ಮೊದಲು ಬರ್ತಿತ್ತು, ಈಗ ಬರುವುದಿಲ್ಲ. ಎಷ್ಟು ಎಳೆದ್ರೂ ಬರುವುದಿಲ್ಲ. ಇವಳಿಗೆ ಹಾಗೆ ಆಗುವುದು ಬೇಡ."

ತೆಗೆದೆ. ಅವರು ಹೇಳಿದಂತೆ ಒಂದೇ. ಕ್ಯಾಮೆರಾದ ಬೆನ್ನಿನಲ್ಲಿ ತೋರಿಸಿದಾಗ ಐಸಮ್ಮ ಬಹಳ ಹೊತ್ತು ನೋಡಿದರು. "ಓ, ನಾನು ಹೀಗಾ?" ಎಂದರು, ಹೊಸಬರ ಪರಿಚಯವಾದವರ ಹಾಗೆ. ಆಮೇಲೆ ಕೈ ಚಾಚಿದರು. ಕಾರ್ಡು ತೆಗೆದು ಅಂಗೈಯಲ್ಲಿಟ್ಟೆ. ಅದನ್ನು ಕುಪ್ಪಾಯದ ಒಳಕಿಸೆಗೆ ಹಾಕಿ, ಮೇಲಿನಿಂದ ತಟ್ಟಿ ನೋಡಿಕೊಂಡರು. ನಾನು ಸ್ಕೂಟರಿನಲ್ಲಿ ಸೇತುವೆ ದಾಟುವಾಗ ಚೀಲ ಹಗುರವಾಗಿತ್ತು, ಮನಸ್ಸು ತುಂಬಿತ್ತು.

ಈಗ ಶಾಹಿದಾಳನ್ನು ಒಳಗೆ ಕರೆಯೋಣ.

ಕುರ್ಚಿಯಲ್ಲಿ ಕೂತು ನೀರು ಕುಡಿದು ಅವಳು ಹೇಳಿದ್ದಿಷ್ಟು. ಐಸಮ್ಮನಿಗೆ ಬೆಳಿಗ್ಗೆ ಎದೆನೋವು ಬಂತು, ಆಸ್ಪತ್ರೆಗೆ ತಲುಪುವ ಮೊದಲೇ ಹೋದರು. ಅವಳ ವಿಮಾನ ಬಜಪೆಯಲ್ಲಿ ಇಳಿಯುವಾಗ ದಫನ ಆಗಿತ್ತು. ಕೊನೆಯ ಸಲ ಮುಖ ನೋಡಲಿಲ್ಲ.

"ವಿಡಿಯೊ ಕಾಲ್ ಮಾಡ್ತಿದ್ದೆ ಆಂಟಿ, ದಿನಾ ಮಾಡ್ತಿದ್ದೆ. ಉಮ್ಮ ಫೋನನ್ನು ಮೇಲೆ ತಿರುಗಿಸಿ ಇಡುವುದು. ನನಗೆ ಕಂಡದ್ದು ನಮ್ಮ ಮನೆಯ ಫ್ಯಾನು. ಫ್ಯಾನಿನ ಹತ್ತಿರವೇ ಮಾತಾಡಿದ ಹಾಗೆ." ಅವಳು ನಗಲು ನೋಡಿದಳು. "ಆಧಾರ್ ಕಾರ್ಡಿನಲ್ಲಿ ಒಂದು ಫೋಟೊ ಉಂಟು. ಅದರಲ್ಲಿ ಉಮ್ಮ ಇಲ್ಲ. ಹೆದರಿಕೊಂಡ ಯಾರೋ ಹೆಂಗಸು ಇರುವುದು."

"ಕಾರ್ಡು?"

"ನನಗೆ ಒಂದು ಸಲ ಟಿವಿಗೆ ಹಾಕಿ ಮದುವೆಯದ್ದು ಎಲ್ಲ ತೋರಿಸಿದ್ರು. ಕಡೆಯದ್ದು ಬರುವಾಗ ಆಫ್ ಮಾಡಿದ್ರು. 'ಇದು ಆಮೇಲೆ, ನಿನಗೆ ಮಕ್ಕಳಾದ ಮೇಲೆ' ಅಂತ. ಈಗ ಇಡೀ ಮನೆ ಹುಡುಕಿದೆ ಆಂಟಿ. ಕಪಾಟು, ಚಿನ್ನದ ಡಬ್ಬಿ, ಅಕ್ಕಿ ಡ್ರಮ್ಮು ಎಲ್ಲ. ಎಲ್ಲಿಯೂ ಇಲ್ಲ."

"ಹಸಿರು ಕುಪ್ಪಾಯದ ಒಳಕಿಸೆ ನೋಡಿದ್ಯಾ? ಅಲ್ಲಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟಿವಿಗೆ ಹಾಕಿದ ಮೇಲೂ ಅಲ್ಲೇ ವಾಪಸು ಇಟ್ಟಿರಬೇಕು."

ಅವಳು ತಟ್ಟನೆ ಎದ್ದು ನಿಂತಳು. ಫೋನು ತೆಗೆದು ಅತ್ತಿಗೆಗೆ ಮಾಡಿದಳು. ಮಾತು ಬ್ಯಾರಿಯಲ್ಲಿ. ಪೂರ್ತಿ ಅರ್ಥವಾಗದಿದ್ದರೂ ಅವಳ ಮುಖ ನೋಡಿ ಅರ್ಧ ತಿಳಿಯಿತು, ಉಳಿದದ್ದನ್ನು ಫೋನಿಟ್ಟ ಮೇಲೆ ಅವಳೇ ಹೇಳಿದಳು. ತೀರಿಹೋದವರ ಬಟ್ಟೆಯನ್ನು ಆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಇಲ್ಲದವರಿಗೆ ಕೊಡುತ್ತಾರೆ. ಅತ್ತಿಗೆಯರು ಎಲ್ಲವನ್ನೂ ಒಗೆದು, ಇಸ್ತ್ರಿ ಹಾಕಿ, ಗಂಟು ಕಟ್ಟಿ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಯಾರಿಗೆ ಎಂದು ಕೇಳಿದರೆ, ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಬಾರದು ಎಂದು ಐಸಮ್ಮನೇ ಅವರಿಗೆ ಕಲಿಸಿದ್ದರು. ಒಗೆದಿದ್ದಾರೆ, ಇಸ್ತ್ರಿ ಹಾಕಿದ್ದಾರೆ ಎಂದ ಮೇಲೆ ಆ ಕಾರ್ಡಿನ ಕಥೆ ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಸೇತುವೆಯೇ ದಾಟಬಾರದು ಎಂದಿದ್ದ ಮುಖವನ್ನು, ಎಲ್ಲರಿಗಿಂತ ಜೋಪಾನವಾಗಿ ಇಟ್ಟದ್ದಕ್ಕೇ ಕಳೆದುಕೊಂಡ ಹಾಗಾಯಿತು.

ಅವಳು ನನ್ನ ಕಡೆ ತಿರುಗಿ ಕೇಳಿದಳು, "ಹೇಗಿತ್ತು ಆಂಟಿ? ಆ ಫೋಟೊ?"

ಹೇಳಲು ಹೊರಟೆ. ಮಂಚದ ಅಂಚು, ಕಿಟಕಿಯಿಂದ ಬಂದ ಸಂಜೆಯ ಬೆಳಕು, ಒಂದು ಕಡೆಯ ಕೆನ್ನೆ ಬೆಳಗಿತ್ತು, ಕಣ್ಣಿನಲ್ಲಿ ನೀರು ಮತ್ತು ನಗು ಎರಡೂ ಇತ್ತು. ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಯಿತು. ನಾನು ಹೇಳಿದ್ದು ಯಾವ ಮದುಮಗಳ ತಾಯಿಗೂ ಹೊಂದುತ್ತದೆ. ಇಷ್ಟು ವರ್ಷ ಮುಖ ನೋಡಿಯೇ ಅನ್ನ ತಿಂದವಳು ನಾನು, ಆದರೂ 'ನಿನ್ನ ಉಮ್ಮ ಹೀಗಿದ್ದರು' ಎಂದು ಒಬ್ಬಳು ಮಗಳಿಗೆ ತೋರಿಸಿಕೊಡಲು ನನ್ನಲ್ಲಿ ಮಾತಿರಲಿಲ್ಲ. ಐಸಮ್ಮನಿಗೆ ತಮ್ಮ ಉಮ್ಮನ ಮುಖ ಮರೆತುಹೋದದ್ದನ್ನು ಹೇಳಿದಾಗ ಶಾಹಿದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಕೈಗಳನ್ನು ನೋಡುತ್ತಾ ಕೂತೆ. ಆಗ ನನಗೆ ಮದರಂಗಿಯ ಕಾರ್ಡು ನೆನಪಾಯಿತು.

ಅದರ ಫೋಟೊಗಳಿದ್ದ ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದು ಎದ್ದು ಕಣ್ಣುಬಿಡುವಷ್ಟರಲ್ಲಿ ನಾನು ಎಲ್ಲ ಸಂತರನ್ನೂ ಕರೆದೆ. ಮದರಂಗಿ ಹುಡುಗಿಗೆ ಕೊಟ್ಟಿದ್ದ ಒಳ್ಳೆಯ ಫೋಟೊಗಳು ಮೊದಲು ಬಂದವು. ಬಳ್ಳಿ, ನವಿಲು, ಹೂವು. ಅವುಗಳ ಹಿಂದೆ ನಾನು ಬೇಡವೆಂದು ಬದಿಗೆ ಹಾಕಿದ್ದವು. ಅದರಲ್ಲೊಂದು ಕೆಟ್ಟ ಫೋಟೊ. ಮದುಮಗಳ ಎರಡು ಅಂಗೈ ಮದರಂಗಿ ತುಂಬಿಕೊಂಡು, ಅಂಟದ ಹಾಗೆ ಅಗಲವಾಗಿ ಎದುರು ಚಾಚಿವೆ. ಚಿತ್ತಾರಕ್ಕೆ ಅಡ್ಡವಾಗಿ, ಅರ್ಧ ಚೌಕಟ್ಟು ಮುಚ್ಚಿಕೊಂಡು, ಇನ್ನೊಂದು ಕೈ ಬಂದಿದೆ. ಹಸಿ ಮದರಂಗಿಯ ಕೈಯಿಂದ ತಿನ್ನಲಾಗದ ಮಗಳಿಗೆ ತಾಯಿ ಅಕ್ಕಿ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತುತ್ತು ಕೊಡುತ್ತಿರುವ ಕೈ. ಚಿತ್ತಾರ ಹಾಳಾಯಿತಲ್ಲ ಎಂದು ಆ ದಿನ ನಾನು ಗೊಣಗಿದ್ದೆ.

ಶಾಹಿದಾ ಪರದೆಯ ಹತ್ತಿರ ಬಂದಳು.

"ರೊಟ್ಟಿಯ ಕಾವಲಿ ತಾಗಿದ ಕಲೆ," ಎಂದಳು ಮೆಲ್ಲಗೆ. ಮಣಿಕಟ್ಟಿನ ಮೇಲೆ ಉದ್ದಕ್ಕೆ ಒಂದು ಸುಟ್ಟ ಗುರುತಿತ್ತು. "ಕಿರುಬೆರಳು ನೋಡಿ. ತುತ್ತು ಕೊಡುವಾಗ ಉಮ್ಮ ಯಾವಾಗಲೂ ಹೀಗೆ ಎತ್ತಿ ಹಿಡಿಯುವುದು. ಸಾರು ನನ್ನ ಅಂಗಿಗೆ ಬೀಳಬಾರದು ಅಂತ. ಚಿಕ್ಕವಳಿರುವಾಗಲೂ ಹಾಗೇ... ಅಯ್ಯೋ ಆಂಟಿ, ಇದು ಉಮ್ಮ. ಇದು ನಮ್ಮ ಉಮ್ಮನೇ."

ಮೇಜಿನ ಮೇಲೆ ಪ್ರಿಂಟು ಹರಡಿ ಕೈಗಳನ್ನು ಗುರುತು ಹಿಡಿದ ಆ ರೋಸಿನ ಮನೆಯವರು ನನ್ನ ಕಣ್ಣ ಮುಂದೆ ಬಂದರು. ನನ್ನ ಬೆನ್ನಿಗೆ ಡಾರ್ಕ್ ರೂಮಿನ ಗೋಡೆ ತಾಗಿದಂತಾಯಿತು. ದೇವರೇ, ಎಂಥ ಕೆಲಸ ಕೊಟ್ಟೆ ನನಗೆ! ಐಸಮ್ಮನ ಮಾತು ತಪ್ಪಲಿಲ್ಲ, ಅವರ ಮುಖ ಸೇತುವೆ ದಾಟಲಿಲ್ಲ. ಆದರೂ ಅವರು ಬಂದಿದ್ದರು.

ಶಾಹಿದಾ ಪರದೆಗೆ ಇನ್ನೂ ಸ್ವಲ್ಪ ಬಾಗಿದಳು. ಆ ತುತ್ತಿನ ಎದುರು ಅವಳ ಬಾಯಿ ಸ್ವಲ್ಪ ತೆರೆಯಿತು. ಅದು ಅವಳಿಗೆ ಗೊತ್ತೂ ಆಗಲಿಲ್ಲ.

"ಊಟ ಮಾಡಿದ್ಯಾ ಮಗಾ?" ಎಂದು ಕೇಳಿದೆ.

"ಇಲ್ಲ ಆಂಟಿ," ಎಂದಳು, ಕಣ್ಣು ತೆಗೆಯದೆ.

ನಾನು ಎದ್ದು ಒಳಗೆ ಹೋಗಿ ತಟ್ಟೆ ಹಾಕಿದೆ.